ಪರದೆಯ ಮೇಲಿನ ಸವಾಲು: ಇ-ಹರಾಜಿನ ಖರೀದಿಯಲ್ಲಿ ಪೀಣ್ಯ ಕಲಿಸಿದ ಪಾಠಗಳು

ಬೆಂಗಳೂರಿನ ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ಹಬ್ಬಿರುವ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಯಂತ್ರಗಳ ಕೊಡುಕೊಳ್ಳುವಿಕೆ ಹೊಸ ಸಂಗತಿಯೇನಲ್ಲ. ಹತ್ತಿರದ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಕಾರ್ಖಾನೆಯ ಲೇತುಗಳು ಕೈಯಿಂದ ಕೈಗೆ ದಾಟುತ್ತ ಇಂದಿಗೂ ಇಲ್ಲಿನ ಷೆಡ್‌ಗಳಲ್ಲಿ ದುಡಿಯುತ್ತಿವೆ. ದೊಡ್ಡ ಕಂಪನಿಗಳಿಂದ ಜಾಬ್ ವರ್ಕ್ ಪಡೆದು ಬದುಕುವ ಕಿರು ಉದ್ದಿಮೆದಾರನಿಗೆ ಹೊಸ ಯಂತ್ರದ ಬೆಲೆ ಎಟುಕದಿದ್ದಾಗ ಸೆಕೆಂಡ್ ಹ್ಯಾಂಡ್ ಯಂತ್ರವೇ ಬೆಳವಣಿಗೆಯ ಮೊದಲ ಮೆಟ್ಟಿಲಾಗುತ್ತದೆ. ಬದಲಾಗಿರುವುದು ಮಾರುಕಟ್ಟೆಯ ರೂಪ. ಹಿಂದೆ ದಲ್ಲಾಳಿಯ ಮೂಲಕ, ಅಂಗಳದಲ್ಲಿ ಕೂಗಿ ನಡೆಯುತ್ತಿದ್ದ ಸವಾಲು ಈಗ ಬಹುಪಾಲು ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತಿದೆ. ಪೀಣ್ಯದ ಕಾರ್ಯಾಗಾರಗಳಿಗಾಗಿ ಇಂಥ ಹರಾಜುಗಳಲ್ಲಿ ಯಂತ್ರ ಪರೀಕ್ಷಿಸಿ, ಬಿಡ್ ಸಲ್ಲಿಸಿ, ಮಾಲು ಎತ್ತಿಸಿ ತಂದ ಅನುಭವದಿಂದ ಪ್ರಸ್ತುತ ಲೇಖಕನಿಗೆ ಮನವರಿಕೆಯಾಗಿರುವ ಸಂಗತಿ ಒಂದೇ: ಆನ್‌ಲೈನ್ ಹರಾಜಿನಲ್ಲಿ ಖರೀದಿದಾರನ ರಕ್ಷಣೆ ಬಿಡ್ ಒತ್ತುವ ಮೊದಲೇ ಮುಗಿದಿರಬೇಕಾದ ಕೆಲಸ, ಒತ್ತಿದ ಬಳಿಕ ಅದಕ್ಕೆ ಅವಕಾಶ ಬಹಳ ಕಡಿಮೆ.

ಇಲ್ಲಿನ ಉದ್ದಿಮೆಗಳು ಭಾಗವಹಿಸುವ ಹರಾಜುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, 1964ರಲ್ಲಿ ಸ್ಥಾಪಿತವಾಗಿ ಕೇಂದ್ರ ಉಕ್ಕು ಸಚಿವಾಲಯದ ಅಧೀನದಲ್ಲಿರುವ ಎಂಎಸ್‌ಟಿಸಿ ಸಂಸ್ಥೆಯು ಸರ್ಕಾರಿ ಇಲಾಖೆ ಮತ್ತು ಸಾರ್ವಜನಿಕ ಉದ್ದಿಮೆಗಳ ಪರವಾಗಿ ನಡೆಸುವ ಗುಜರಿ ಹಾಗೂ ಹಳೆಯ ಯಂತ್ರಗಳ ಹರಾಜು. ಎರಡನೆಯದು, ಸರ್ಫೇಸಿ ಎಂದು ಕರೆಯಲಾಗುವ 2002ರ ಕಾಯ್ದೆಯಡಿ, ಅಂದರೆ ಸಾಲಕ್ಕೆ ಭದ್ರತೆಯಾಗಿಟ್ಟ ಆಸ್ತಿಯನ್ನು ನ್ಯಾಯಾಲಯದ ಡಿಕ್ರಿಗೆ ಕಾಯದೆ ಬ್ಯಾಂಕೇ ವಶಪಡಿಸಿಕೊಂಡು ಮಾರಲು ಅವಕಾಶ ನೀಡುವ ಕಾನೂನಿನಡಿ, ಬ್ಯಾಂಕುಗಳು ನಡೆಸುವ ಹರಾಜು. ಸಾರ್ವಜನಿಕ ವಲಯದ ಬ್ಯಾಂಕುಗಳ ಇಂಥ ಆಸ್ತಿಗಳಿಗೆ 2025ರ ಜನವರಿಯಲ್ಲಿ ‘ಬ್ಯಾಂಕ್‌ನೆಟ್’ ಎಂಬ ಸಾಮಾನ್ಯ ಪೋರ್ಟಲ್ ಆರಂಭವಾಯಿತು. ಮೂರನೆಯದು, 2016ರ ದಿವಾಳಿ ಸಂಹಿತೆಯಡಿ ಮುಚ್ಚುವ ಕಂಪನಿಗಳ ಸ್ವತ್ತನ್ನು ಸಮಾಪಕರು ಮಾರುವುದು. ನಾಲ್ಕನೆಯದು, ಖಾಸಗಿ ಕಂಪನಿಗಳು ಖಾಸಗಿ ವೇದಿಕೆಗಳ ಮೂಲಕ ಹಳೆಯ ಸಾಮಗ್ರಿಯನ್ನು ವಿಲೇವಾರಿ ಮಾಡುವುದು.

ಇ-ಹರಾಜಿನ ಪಾರದರ್ಶಕತೆಯ ಮೇಲಿನ ನಂಬಿಕೆಗೆ ಕರ್ನಾಟಕದಲ್ಲೇ ದೊಡ್ಡ ಆಧಾರವಿದೆ. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ನೀಡಿದ ಆದೇಶಗಳ ನಂತರ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು 2022ರ ಮೇ ತಿಂಗಳವರೆಗೆ ಇ-ಹರಾಜಿನ ಮೂಲಕವೇ ಮಾರಾಟವಾಗಬೇಕಾಗಿತ್ತು. ಆದರೆ ಪಾರದರ್ಶಕವಾಗುವುದು ಬೆಲೆ ನಿರ್ಧಾರವಾಗುವ ಬಗೆ ಮಾತ್ರ. ಮಾಲಿನ ಗುಣಕ್ಕಾಗಲಿ, ಅದರ ಮೇಲಿನ ಋಣಕ್ಕಾಗಲಿ ಪರದೆ ಜವಾಬ್ದಾರಿ ಹೊರುವುದಿಲ್ಲ.

ಈ ವ್ಯತ್ಯಾಸದ ಬೇರು ಕಾನೂನಿನಲ್ಲಿದೆ. ಹರಾಜಿನ ಷರತ್ತುಗಳಲ್ಲಿ ತಪ್ಪದೆ ಕಾಣುವ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು’ ಎಂಬ ವಾಕ್ಯದ ಅರ್ಥ, ಮಾಲಿನ ಸ್ಥಿತಿಯ ಬಗ್ಗೆ ಮಾರುವವನು ಯಾವ ಭರವಸೆಯನ್ನೂ ನೀಡುತ್ತಿಲ್ಲ ಎಂಬುದೇ ಆಗಿದೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಸರಕಿನ ಗುಣಮಟ್ಟವನ್ನು ಪರೀಕ್ಷಿಸಿಕೊಳ್ಳುವ ಹೊಣೆಯನ್ನು ಕೊಳ್ಳುವವನ ಮೇಲೆಯೇ ಹೊರಿಸುತ್ತದೆ. 27ನೇ ಕಲಮಿನ ಪ್ರಕಾರ ಮಾರುವವನಿಗೆ ಇಲ್ಲದ ಹಕ್ಕು, ಕೆಲವೇ ಸಂದರ್ಭಗಳನ್ನು ಬಿಟ್ಟರೆ, ಕೊಂಡವನಿಗೂ ದಕ್ಕುವುದಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಾಮಾನ್ಯವಾಗಿ ಗ್ರಾಹಕನೆಂದು ಪರಿಗಣಿಸುವುದಿಲ್ಲವಾದ್ದರಿಂದ, ಅಂಗಡಿಯಲ್ಲಿ ಕೊಂಡ ವಸ್ತುವಿನ ವಿಷಯದಲ್ಲಿ ಇರುವಂತೆ ಗ್ರಾಹಕ ಆಯೋಗದ ಬಾಗಿಲು ತಟ್ಟುವ ದಾರಿಯೂ ಇಲ್ಲಿ ಕಿರಿದಾಗುತ್ತದೆ.

ಆದ್ದರಿಂದ ಮೊದಲ ಪರಿಶೀಲನೆ ಮಾರುವವನದ್ದು. ಬ್ಯಾಂಕಿನ ಹರಾಜಾದರೆ ಪತ್ರಿಕೆಯಲ್ಲಿ ಪ್ರಕಟವಾದ ನೋಟಿಸು, ಬ್ಯಾಂಕಿನ ಸ್ವಂತ ಜಾಲತಾಣದಲ್ಲಿರುವ ನೋಟಿಸು ಮತ್ತು ಹರಾಜು ಪೋರ್ಟಲ್‌ನಲ್ಲಿರುವ ವಿವರ ಇವು ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಅಧಿಕೃತ ಅಧಿಕಾರಿಯನ್ನು, ಎಂದರೆ ಆ ಆಸ್ತಿಯನ್ನು ಮಾರಲು ಬ್ಯಾಂಕು ನೇಮಿಸಿರುವ ಅಧಿಕಾರಿಯನ್ನು, ಶಾಖೆಗೇ ಹೋಗಿ ಕಾಣಬೇಕು. ಸರ್ಕಾರಿ ಇಲಾಖೆಗಳ ತಾಣಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ, ಬ್ಯಾಂಕುಗಳು ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಈ ಕೊನೆಯಕ್ಷರಗಳನ್ನು ಗಮನಿಸುವ ಅಭ್ಯಾಸವೊಂದೇ ಅನೇಕ ನಕಲಿ ತಾಣಗಳಿಂದ ಕಾಪಾಡಬಲ್ಲದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕನ್ನು ಒತ್ತಿ ಹರಾಜಿಗೆ ಪ್ರವೇಶಿಸಬಾರದು. ಇಎಂಡಿ, ಅಂದರೆ ಬಿಡ್ ಮಾಡಲು ಅರ್ಹತೆಯಾಗಿ ಮುಂಚಿತವಾಗಿ ಕಟ್ಟುವ ಠೇವಣಿ, ನೋಟಿಸಿನಲ್ಲಿ ತಿಳಿಸಿದ ಸಂಸ್ಥೆಯ ಖಾತೆಗೆ ಅಥವಾ ಪೋರ್ಟಲ್‌ನ ವಾಲೆಟ್‌ಗೆ ಹೋಗಬೇಕೇ ಹೊರತು ವ್ಯಕ್ತಿಯೊಬ್ಬನ ಹೆಸರಿನ ಖಾತೆಗೋ ಯುಪಿಐ ಸಂಖ್ಯೆಗೋ ಹೋಗಕೂಡದು. ‘ಲಾಟ್ ನಿಮಗೇ ಮಾಡಿಸಿಕೊಡುತ್ತೇವೆ’ ಎನ್ನುವ ಮಧ್ಯವರ್ತಿಗೆ ಕೊಟ್ಟ ಹಣಕ್ಕೆ ಯಾವ ರಸೀದಿಯೂ ಉಳಿಯುವುದಿಲ್ಲ.

ಎರಡನೆಯದು ಮಾಲಿನ ಪರಿಶೀಲನೆ. ಪೀಣ್ಯದ ಅನುಭವ ಹೆಚ್ಚು ಕಲಿಸುವುದು ಇಲ್ಲಿಯೇ. ಫೋಟೋದಲ್ಲಿ ಹೊಸ ಬಣ್ಣ ಬಳಿದ ಲೇತಿನ ಬೆಡ್, ಅಂದರೆ ಸ್ಯಾಡಲ್ ಜಾರುವ ಹಾಸು, ನುಣುಪಾಗಿಯೇ ಕಾಣುತ್ತದೆ. ಲೇತಿನಲ್ಲಿ ಹೆಚ್ಚಿನ ಕೆಲಸ ಚಕ್ಕಿನ ಬಳಿಯೇ ನಡೆಯುವುದರಿಂದ ಬೆಡ್ ಸವೆಯುವುದೂ ಹೆಡ್‌ಸ್ಟಾಕ್ ಕಡೆಗೇ. ನುರಿತ ಫಿಟ್ಟರ್ ಸ್ಯಾಡಲನ್ನು ಚಕ್ಕಿನ ಹತ್ತಿರ ತಂದು, ಅಲ್ಲಿ ಅಲುಗಾಡದಂತೆ ಅದರ ಗಿಬ್ಬನ್ನು, ಅಂದರೆ ಸಡಿಲ ಹೊಂದಿಸುವ ಪಟ್ಟಿಯನ್ನು, ಬಿಗಿಗೊಳಿಸಿ, ನಂತರ ಕೈಚಕ್ರ ತಿರುಗಿಸುತ್ತ ಟೇಲ್‌ಸ್ಟಾಕ್ ಕಡೆಗೆ ಒಯ್ಯುತ್ತಾನೆ. ದಾರಿಯಲ್ಲಿ ಸ್ಯಾಡಲ್ ಬಿಗಿಯಾಗಿ ಸಿಕ್ಕಿಕೊಂಡರೆ, ಚಕ್ಕಿನ ಬಳಿ ಬೆಡ್ ಸವೆದಿದೆ, ಆ ತುದಿಯಲ್ಲಿ ಸವೆದಿಲ್ಲ ಎಂದು ತಿಳಿಯುತ್ತದೆ. ವಿದ್ಯುತ್ ಸಂಪರ್ಕವಿದ್ದರೆ ಒಂದು ಸರಳನ್ನು ಟೇಲ್‌ಸ್ಟಾಕ್ ಆಸರೆಯಿಲ್ಲದೆ ಹದವಾಗಿ ಟರ್ನ್ ಮಾಡಿ ಎರಡೂ ತುದಿಗಳನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಟೇಪರ್ ಎಷ್ಟಿದೆ ಎಂಬುದೂ ಗೊತ್ತಾಗುತ್ತದೆ. ಬೆಡ್ ಗ್ರೈಂಡಿಂಗ್ ಖರ್ಚನ್ನು ಆಗಲೇ ಲೆಕ್ಕಕ್ಕೆ ಹಿಡಿಯಬಹುದು.

ಸಿಎನ್‌ಸಿ ಯಂತ್ರಗಳಲ್ಲಿ, ಅಂದರೆ ಗಣಕ ನಿಯಂತ್ರಿತ ಯಂತ್ರಗಳಲ್ಲಿ, ಅಪಾಯ ಇನ್ನಷ್ಟು ಒಳಗಿರುತ್ತದೆ. ಇಲ್ಲಿ ಬಹಳವಾಗಿ ಬಳಕೆಯಲ್ಲಿರುವ ಫ್ಯಾನುಕ್‌ನಂಥ ನಿಯಂತ್ರಕಗಳಲ್ಲಿ ಯಂತ್ರದ ಪ್ಯಾರಾಮೀಟರುಗಳು, ಎಂದರೆ ಆ ಯಂತ್ರದ ಮೋಟಾರು, ಅಕ್ಷ ಮತ್ತು ಮಿತಿಗಳಿಗೆ ಹೊಂದಿಸಿಟ್ಟ ಮೌಲ್ಯಗಳು, ವಿದ್ಯುತ್ ಇಲ್ಲದಾಗ ಒಂದು ಸಣ್ಣ ಬ್ಯಾಟರಿಯ ಬಲದಿಂದ ನೆನಪಿನಲ್ಲಿ ಉಳಿದಿರುತ್ತವೆ. ಸಾಲ ತೀರದೆ ಸೀಲಾದ ಷೆಡ್ಡಿನಲ್ಲಿ ಯಂತ್ರ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ನಿಂತರೆ ಬ್ಯಾಟರಿ ಬರಿದಾಗಿ ಆ ಮೌಲ್ಯಗಳು ಅಳಿಸಿಹೋಗುತ್ತವೆ, ಕಬ್ಬಿಣವೆಲ್ಲ ಸರಿಯಿದ್ದರೂ ಯಂತ್ರ ಏಳುವುದಿಲ್ಲ. ಆದ್ದರಿಂದ ತಪಾಸಣೆಗೆ ಹೋದಾಗ ಕೇಳಬೇಕಾದ ಮೊದಲ ವಸ್ತು ಪ್ಯಾರಾಮೀಟರ್ ಪಟ್ಟಿ ಅಥವಾ ಅದರ ಬ್ಯಾಕಪ್. ನೋಡಬೇಕಾದ ಮೊದಲ ಜಾಗ ಯಂತ್ರದ ಹಿಂಬದಿಯ ವಿದ್ಯುತ್ ಕಪಾಟು. ಅಲ್ಲಿ ಡ್ರೈವ್‌ಗಳು, ಕಾರ್ಡುಗಳು ಇವೆಯೇ, ಅಥವಾ ಖಾಲಿ ಜಾಗದಲ್ಲಿ ತುಂಡಾದ ತಂತಿಗಳು ಮಾತ್ರ ಜೋತಾಡುತ್ತಿವೆಯೇ ಎಂಬುದನ್ನು ಕಣ್ಣಾರೆ ನೋಡಿ, ಪ್ರತಿಯೊಂದರ ಮತ್ತು ನಾಮಫಲಕದ ಕ್ರಮಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ತಪಾಸಣೆಯ ದಿನಕ್ಕೂ ಮಾಲು ಎತ್ತುವ ದಿನಕ್ಕೂ ನಡುವೆ ಬಿಡಿಭಾಗ ಕಾಣೆಯಾದರೆ, ವಾದಿಸಲು ಕೈಯಲ್ಲಿರುವುದು ಆ ಫೋಟೋಗಳು ಮಾತ್ರ.

ಗುಜರಿಯ ಲಾಟ್‌ಗಳಲ್ಲಿ ಪ್ರಶ್ನೆ ತೂಕದ್ದು ಮತ್ತು ಪರವಾನಗಿಯದ್ದು. ಮಾರಾಟ ತೂಕದ ಲೆಕ್ಕದಲ್ಲೋ, ಇಡೀ ರಾಶಿಗೆ ಒಂದೇ ಬೆಲೆಯೋ ಎಂಬುದನ್ನು ಷರತ್ತಿನಲ್ಲಿ ಓದಿ ತಿಳಿಯಬೇಕು. ರಾಶಿ ಲೆಕ್ಕದಲ್ಲಿ ನಮೂದಾದ ತೂಕ ಅಂದಾಜು ಮಾತ್ರ, ಲೋಹದ ಚೂರಿನ ರಾಶಿಯಲ್ಲಿ ಕೂಲಂಟ್ ಮತ್ತು ಎಣ್ಣೆಯೂ ತೂಗುತ್ತದೆ. ಬಳಸಿದ ಎಣ್ಣೆ, ಬ್ಯಾಟರಿ, ಇ-ತ್ಯಾಜ್ಯಗಳನ್ನು ಎಲ್ಲರೂ ಕೊಳ್ಳುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು, 2022ರ ಬ್ಯಾಟರಿ ಹಾಗೂ ಇ-ತ್ಯಾಜ್ಯ ನಿಯಮಗಳು ಇವುಗಳನ್ನು ಅಧಿಕೃತ ಮರುಬಳಕೆದಾರರ ಕೈಗೇ ಒಪ್ಪಿಸುತ್ತವೆ.

ಮೂರನೆಯದು ಋಣಭಾರ. ಹರಾಜಿಗೆ ಬಂದಿರುವುದು ಯಂತ್ರದ ಬದಲು ಷೆಡ್ ಅಥವಾ ನಿವೇಶನವಾದರೆ ಇದೇ ಎಲ್ಲಕ್ಕಿಂತ ಮುಖ್ಯ. ಕೆ.ಸಿ. ನೈನಾನ್ ವಿರುದ್ಧ ಕೇರಳ ರಾಜ್ಯ ವಿದ್ಯುತ್ ಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ 19ರಂದು ನೀಡಿದ ತೀರ್ಪಿನ ಪ್ರಕಾರ, ನಿಯಮಗಳಲ್ಲಿ ಅವಕಾಶವಿದ್ದಲ್ಲಿ, ಹಿಂದಿನ ಮಾಲೀಕ ಉಳಿಸಿಹೋದ ವಿದ್ಯುತ್ ಬಾಕಿಯನ್ನು ತೀರಿಸಿದರೆ ಮಾತ್ರ ಹೊಸ ಸಂಪರ್ಕ ಎಂದು ಸರಬರಾಜು ಸಂಸ್ಥೆ ಹರಾಜಿನಲ್ಲಿ ಕೊಂಡವನಿಗೆ ಷರತ್ತು ವಿಧಿಸಬಹುದು. ಹೈ ಟೆನ್ಷನ್ ಸಂಪರ್ಕವಿದ್ದ ಕಾರ್ಖಾನೆಯ ಬಾಕಿ ಖರೀದಿಯ ಲಾಭವನ್ನೆಲ್ಲ ನುಂಗುವಷ್ಟಿರಬಹುದಾದ್ದರಿಂದ, ವಿದ್ಯುತ್ ಸರಬರಾಜು ಸಂಸ್ಥೆಯಾದ ಬೆಸ್ಕಾಂನ ಉಪವಿಭಾಗದಲ್ಲಿ ಆ ಸಂಪರ್ಕದ ಆರ್‌ಆರ್ ಸಂಖ್ಯೆಯ ಮೇಲಿನ ಬಾಕಿಯನ್ನು ವಿಚಾರಿಸದೆ ಬಿಡ್ ಮಾಡುವುದು ಸಲ್ಲದು. ಇದರ ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪ್ರಮಾಣಪತ್ರ ತೆಗೆಯಬೇಕು. ನಿವೇಶನ ರಾಜ್ಯದ ಕೈಗಾರಿಕಾ ಸಂಸ್ಥೆಗಳಾದ ಕೆಐಎಡಿಬಿ ಅಥವಾ ಕೆಎಸ್‌ಎಸ್‌ಐಡಿಸಿ ಹಂಚಿಕೆಯದಾದರೆ ಅದು ಇನ್ನೂ ಗುತ್ತಿಗೆಯಲ್ಲಿದೆಯೋ, ಕ್ರಯಪತ್ರ ಆಗಿದೆಯೋ, ವರ್ಗಾವಣೆಗೆ ಮಂಡಳಿಯ ಒಪ್ಪಿಗೆ ಮತ್ತು ಶುಲ್ಕ ಬೇಕೋ ಎಂಬುದನ್ನು ಕೇಳಿ ತಿಳಿಯಬೇಕು. ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಆ ಆಸ್ತಿಯ ಬಗ್ಗೆ ಅರ್ಜಿ ಬಾಕಿಯಿದೆಯೇ ಎಂಬುದನ್ನು ವಕೀಲರ ಮೂಲಕ ಪರಿಶೀಲಿಸಬೇಕು. ಷೆಡ್ಡಿನೊಳಗೆ ಬಾಡಿಗೆದಾರನಿದ್ದಾನೆಯೇ, ಬ್ಯಾಂಕಿನ ಕೈಯಲ್ಲಿರುವುದು ಕಾಗದದ ಮೇಲಿನ ಸಾಂಕೇತಿಕ ಸ್ವಾಧೀನವೋ, ನಿಜವಾದ ಭೌತಿಕ ಸ್ವಾಧೀನವೋ ಎಂಬುದನ್ನು ಬಾಗಿಲಲ್ಲಿ ನಿಂತು ನೋಡಬೇಕು.

ನಾಲ್ಕನೆಯದು ಬೆಲೆಯ ಮಿತಿ. ಪರದೆಯಲ್ಲಿ ಕಾಣುವ ಅಂಕಿ ಪೂರ್ಣ ಬೆಲೆಯಲ್ಲ; ಸಾಮಾನ್ಯವಾಗಿ ಅದರ ಮೇಲೆ ಜಿಎಸ್‌ಟಿ, ಗುಜರಿಯಾದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಅಡಿಪಾಯದಿಂದ ಯಂತ್ರ ಬಿಚ್ಚುವ ಕೂಲಿ, ಹೈಡ್ರಾ ಕ್ರೇನ್, ಲಾರಿ, ಸಾಗಣೆ ವಿಮೆ, ರಿಪೇರಿ ಎಲ್ಲವೂ ಸೇರುತ್ತವೆ. ಮಾಲಿಗೆ ಒಟ್ಟು ಕೊಡಬಹುದಾದ ಬೆಲೆಯಿಂದ ಇವನ್ನೆಲ್ಲ ಕಳೆದು ಉಳಿಯುವ ಮೊತ್ತವೇ ಬಿಡ್‌ನ ಗರಿಷ್ಠ ಮಿತಿ; ಅದನ್ನು ಹರಾಜಿನ ಹಿಂದಿನ ದಿನವೇ ಕಾಗದದ ಮೇಲೆ ಬರೆದು, ಪಾಲುದಾರರ ಅಥವಾ ಮನೆಯವರ ಒಪ್ಪಿಗೆ ಪಡೆದಿರಬೇಕು. ಹಲವು ಪೋರ್ಟಲ್‌ಗಳಲ್ಲಿ ಕೊನೆಯ ನಿಮಿಷಗಳಲ್ಲಿ ಯಾರಾದರೂ ಬಿಡ್ ಹಾಕಿದರೆ ಮುಕ್ತಾಯದ ಸಮಯ ತಾನಾಗಿ ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ. ಈ ಏರ್ಪಾಡು ನ್ಯಾಯವಾದುದೇ ಆದರೂ, ಹಟಕ್ಕೆ ಬಿದ್ದವನು ತನ್ನ ಮಿತಿಯನ್ನು ಮೀರುವುದು ಈ ಹೆಚ್ಚುವರಿ ನಿಮಿಷಗಳಲ್ಲಿಯೇ. ಮಾರುವವನೇ ಗುಟ್ಟಾಗಿ ತನ್ನ ಕಡೆಯವರಿಂದ ಬಿಡ್ ಹಾಕಿಸಿದರೆ ಅದನ್ನು ವಂಚನೆಯೆಂದು ಪರಿಗಣಿಸುವ ಹಕ್ಕನ್ನು ಸರಕು ಮಾರಾಟ ಕಾಯ್ದೆಯ 64ನೇ ಕಲಮು ಕೊಡುತ್ತದೆ. ಆದರೆ ಅದನ್ನು ಸಾಬೀತುಪಡಿಸುವುದು ಕಷ್ಟವಾದ್ದರಿಂದ, ಬರೆದಿಟ್ಟ ಮಿತಿಯೇ ನಂಬಿಕೆಗೆ ಅರ್ಹವಾದ ರಕ್ಷಣೆ.

ಕೊನೆಯದು ಹಣದ ಗಡುವು. ಸರ್ಫೇಸಿ ನಿಯಮಗಳ ಪ್ರಕಾರ ಸ್ಥಿರಾಸ್ತಿಯ ಹರಾಜಿನಲ್ಲಿ ಗೆದ್ದವನು, ಇಎಂಡಿಯೂ ಸೇರಿದಂತೆ ಬೆಲೆಯ ಶೇ 25ರಷ್ಟನ್ನು ಅದೇ ದಿನ ಅಥವಾ ಹೆಚ್ಚೆಂದರೆ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದದ್ದನ್ನು ಮಾರಾಟ ದೃಢಪಟ್ಟ 15ನೇ ದಿನದೊಳಗೆ, ಅಥವಾ ಲಿಖಿತವಾಗಿ ಒಪ್ಪಿದರೆ ಗರಿಷ್ಠ ಮೂರು ತಿಂಗಳೊಳಗೆ, ತೀರಿಸಬೇಕು. ತಪ್ಪಿದರೆ ಠೇವಣಿ ಮುಟ್ಟುಗೋಲಾಗುತ್ತದೆ. ತಮಿಳುನಾಡಿನ ಖರೀದಿದಾರರೊಬ್ಬರು ಕಟ್ಟಿದ್ದ ಮೂರು ಕೋಟಿ ರೂಪಾಯಿಗೂ ಮಿಕ್ಕ ಠೇವಣಿಯನ್ನು ಹಿಂದಿರುಗಿಸುವಂತೆ ಮದ್ರಾಸ್ ಹೈಕೋರ್ಟ್ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 2ರಂದು ರದ್ದುಪಡಿಸಿ, ಇಡೀ ಮೊತ್ತದ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಸಾಲ ಸಿಗಬಹುದೆಂಬ ನಿರೀಕ್ಷೆಯ ಮೇಲೆ ಬಿಡ್ ಮಾಡುವವರು ಈ ತೀರ್ಪನ್ನು ಮರೆಯಬಾರದು. ಸಾಲದ ಮಂಜೂರಾತಿ ಪತ್ರ ಕೈಗೆ ಬಂದ ಮೇಲೆಯೇ ಹರಾಜಿಗೆ ಇಳಿಯಬೇಕು. ಯಂತ್ರ ಮತ್ತು ಗುಜರಿಯಲ್ಲೂ ಗಡುವುಗಳಿವೆ. ವಿತರಣಾ ಆದೇಶದಲ್ಲಿ ಹೇಳಿದ ಅವಧಿಯೊಳಗೆ ಮಾಲು ಎತ್ತದಿದ್ದರೆ ನೆಲಬಾಡಿಗೆ ಬೀಳುತ್ತದೆ; ಹೊರಡುವ ಮುನ್ನ ತೆರಿಗೆ ಇನ್‌ವಾಯ್ಸ್, 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಬ್ಯಾಂಕಿನಿಂದ ಕೊಂಡದ್ದಾದರೆ ಮಾರಾಟ ಪ್ರಮಾಣಪತ್ರ ಕೈಯಲ್ಲಿರಬೇಕು.

ಇಷ್ಟಾದರೂ ಮೋಸ ನಡೆದರೆ ಹೊತ್ತು ಕಳೆಯದೆ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಚದುರುವ ಮೊದಲು ತಡೆಹಿಡಿಯುವ ಸಾಧ್ಯತೆ ಆರಂಭದ ಗಂಟೆಗಳಲ್ಲೇ ಹೆಚ್ಚು.

ಕಿರು ಉದ್ದಿಮೆದಾರನ ಬಂಡವಾಳ ಮನೆ ಅಡವಿಟ್ಟು ತಂದದ್ದಾಗಿರುತ್ತದೆ, ಅದರ ಮೇಲೆ ಹಲವು ಕಾರ್ಮಿಕ ಕುಟುಂಬಗಳ ಅನ್ನ ನಿಂತಿರುತ್ತದೆ. ಹರಾಜುಗಳು ಇಂಥವರಿಗೆ ನಿಜವಾದ ಅವಕಾಶವನ್ನು ತೆರೆದಿವೆ. ಅವುಗಳಿಂದ ದೂರ ಉಳಿಯುವುದು ಪರಿಹಾರವಲ್ಲ. ಒಬ್ಬೊಬ್ಬರೇ ಹೋಗುವ ಬದಲು ನೆರೆಯ ಉದ್ದಿಮೆದಾರರು ಸೇರಿ ಒಬ್ಬ ಅನುಭವಿ ಫಿಟ್ಟರ್, ಒಬ್ಬ ಎಲೆಕ್ಟ್ರಾನಿಕ್ಸ್ ತಂತ್ರಜ್ಞ, ಒಬ್ಬ ವಕೀಲರ ನೆರವನ್ನು ಹಂಚಿಕೊಂಡರೆ ತಪಾಸಣೆಯ ಖರ್ಚು ಎಲ್ಲರಿಗೂ ಹಗುರಾಗುತ್ತದೆ. ತಪಾಸಣೆಗೆ ಅವಕಾಶ ಕೊಡದ ಮಾಲನ್ನು, ದಾಖಲೆ ತೋರಿಸದ ಮಾರಾಟಗಾರನನ್ನು, ವ್ಯಕ್ತಿಯ ಖಾತೆಗೆ ಹಣ ಕೇಳುವ ಹರಾಜನ್ನು, ಬೆಲೆ ಎಷ್ಟೇ ಅಗ್ಗವಾಗಿ ಕಂಡರೂ, ಬಿಟ್ಟುಬಿಡಬೇಕು.