ಶೋಕದ ಮನೆಯಲ್ಲಿ ನಮ್ಮ ವಾದಗಳು

ಸಮಾಧಿಯೊಂದರ ಬಳಿ ಅಳುತ್ತಿದ್ದ ಮಹಿಳೆಯನ್ನು ಕಂಡು ಪ್ರವಾದಿವರ್ಯರು(ಸ) ಅಲ್ಲಾಹನನ್ನು ಭಯಪಡುವಂತೆಯೂ ಸಹನೆ ತಾಳುವಂತೆಯೂ ಆಕೆಗೆ ಹೇಳಿದರು. ಅವರಾರೆಂದು ತಿಳಿಯದ ಆಕೆ, ನನಗೆ ಬಂದ ವಿಪತ್ತು ನಿಮಗೆ ಬಂದಿಲ್ಲ, ದೂರ ಹೋಗಿ ಎಂದುಬಿಟ್ಟಳು. ಹಝ್ರತ್ ಅನಸ್(ರ) ವರದಿ ಮಾಡಿರುವ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಆಮೇಲೆ ವಿಷಯ ತಿಳಿದು ಆಕೆ ಗಾಬರಿಯಿಂದ ಪ್ರವಾದಿವರ್ಯರ(ಸ) ಮನೆಗೆ ಬಂದಾಗ, ಸಹನೆ ಬೇಕಾಗುವುದು ಆಘಾತದ ಮೊದಲ ಕ್ಷಣದಲ್ಲಿ ಎಂದಷ್ಟೇ ಅವರು ತಿಳಿಸಿದರು.

ಈ ಹದೀಸನ್ನು ನಾವು ಸಾಮಾನ್ಯವಾಗಿ ಆ ಕೊನೆಯ ಮಾತಿಗಾಗಿ ನೆನೆಯುತ್ತೇವೆ. ನಡುವೆ ನಡೆದುದನ್ನು ಗಮನಿಸುವುದಿಲ್ಲ. ಆಕೆ ಉಪದೇಶವನ್ನು ತಳ್ಳಿಹಾಕಿದಾಗ ಪ್ರವಾದಿವರ್ಯರು(ಸ) ವಾದಕ್ಕೆ ನಿಲ್ಲಲಿಲ್ಲ, ತಾನು ಯಾರೆಂದು ಹೇಳಿಕೊಳ್ಳಲೂ ಇಲ್ಲ. ಉಳಿದ ಮಾತು ಬಂದದ್ದು ಆಕೆಯೇ ಹುಡುಕಿಕೊಂಡು ಬಂದ ಮೇಲೆ. ತಿದ್ದುವ ಹಕ್ಕು ಅವರಿಗಿಂತ ಹೆಚ್ಚು ಯಾರಿಗಿತ್ತು?

ನಾನು ಮದ್ರಸದ ಕಲಿಕೆ ಮುಗಿಸಿ ಬಂದ ಹೊಸದರಲ್ಲಿ ಕರಾವಳಿಯ ಒಂದು ಮನೆಯಿಂದ ಕರೆ ಬಂತು. ಮನೆಯ ಯಜಮಾನ ತೀರಿಕೊಂಡ ಎರಡನೆಯ ರಾತ್ರಿ. ಮೃತರ ಅಣ್ಣನಿಗೆ ನಲ್ವತ್ತನೆಯ ದಿನದ ಊಟ ಆಗಲೇಬೇಕು; ಕೊಲ್ಲಿಯಿಂದ ಓಡಿಬಂದ ತಮ್ಮನಿಗೆ ಅದು ಬಿದ್‌ಅತ್. ನಾನು ಕಿತಾಬುಗಳನ್ನು ತೆರೆದು ಒಂದು ಗಂಟೆ ಮಾತನಾಡಿದೆ. ಹೇಳಿದ್ದು ತಪ್ಪಲ್ಲವೆಂದು ಈಗಲೂ ನಂಬಿದ್ದೇನೆ. ಹೊರಡುವಾಗ ಬಾಗಿಲ ಪರದೆಯ ಆಚೆಯಿಂದ ಆ ವಿಧವೆ ಕೇಳಿದರು: “ನಾನು ಅತ್ತರೆ ಅವರಿಗೆ ಕಬ್ರ್‌ನಲ್ಲಿ ಶಿಕ್ಷೆಯಾಗುತ್ತದೆಯೇ?”

ಯಾರೋ ಸಂಬಂಧಿಕರು ಹಾಗೆಂದು ಗದರಿಸಿದ್ದರಂತೆ. ಎರಡು ದಿನಗಳಿಂದ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಿದ್ದರು.

ಮನೆಯವರ ರೋದನದಿಂದ ಮೃತರಿಗೆ ಶಿಕ್ಷೆಯಾಗುತ್ತದೆಂಬ ವರದಿ ಹಝ್ರತ್ ಉಮರ್(ರ) ಮತ್ತು ಅವರ ಪುತ್ರರಿಂದ ಬಂದಿರುವುದು ನಿಜ. ಆದರೆ ಹಝ್ರತ್ ಆಯಿಶಾ(ರ) ಅದನ್ನು ಒಪ್ಪಲಿಲ್ಲ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬ ಕುರ್‌ಆನಿನ ತೀರ್ಪನ್ನು (6:164) ಅವರು ಮುಂದಿಟ್ಟರು. ತನಗಾಗಿ ಗೋಳಾಡಬೇಕೆಂದು ವಸಿಯ್ಯತ್ ಮಾಡಿ ಹೋದವನ ಕುರಿತು ಆ ಹದೀಸ್ ಇದೆಯೆಂದು ಹೆಚ್ಚಿನ ವಿದ್ವಾಂಸರು ವಿವರಿಸಿದ್ದಾರೆ. ನಿಷೇಧವಿರುವುದು ಎದೆ ಬಡಿದು, ಬಟ್ಟೆ ಹರಿದು ಕೂಗುವುದಕ್ಕೆ, ಕಣ್ಣೀರಿಗಲ್ಲ. ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿವರ್ಯರ(ಸ) ಕಣ್ಣುಗಳೂ ತುಂಬಿ ಹರಿದಿದ್ದವು. ಇಷ್ಟನ್ನು ಅಂದು ತೊದಲುತ್ತಲೇ ಹೇಳಿದೆ. ಪರದೆಯ ಆಚೆ ಅಳುವಿನ ಸದ್ದು ಕೇಳಿಸಿತು.

ಇನ್ನೊಂದನ್ನೂ ಹೇಳಬೇಕು. ಆ ರಾತ್ರಿ ನಮಗೆಲ್ಲ ಚಹಾ ಮಾಡಿಕೊಟ್ಟದ್ದು ಮೃತರ ಮಗಳು. ಹಿಜರಿ 8ರಲ್ಲಿ ಮುಅ್ತಾ ಯುದ್ಧದಲ್ಲಿ ಹಝ್ರತ್ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ, ಅವರ ಮನೆಯವರು ದುಃಖದಲ್ಲಿ ಮುಳುಗಿದ್ದಾರೆ, ಅವರಿಗಾಗಿ ಆಹಾರ ತಯಾರಿಸಿರಿ ಎಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದರು. ಸುನ್ನತ್ತಿನ ಬಗ್ಗೆ ವಾದಿಸುತ್ತಿದ್ದ ನಮ್ಮಲ್ಲಿ ಒಬ್ಬನೂ ಒಂದು ಪಾತ್ರೆ ಗಂಜಿ ತಂದಿರಲಿಲ್ಲ!

ಹಾಗಾದರೆ ಎಲ್ಲಕ್ಕೂ ಮೌನವೇ? ಅಲ್ಲ. ಕುರ್‌ಆನ್ ಪಾರಾಯಣದ ಪುಣ್ಯ ಮೃತರಿಗೆ ತಲಪುತ್ತದೆಯೇ ಎಂಬಲ್ಲಿ ಇಮಾಮರುಗಳಲ್ಲೇ ಭಿನ್ನಾಭಿಪ್ರಾಯವಿದೆ. ಅದರ ಚರ್ಚೆ ಕಾಯಬಹುದು. ದುಆ ಮತ್ತು ದಾನ ತಲಪುತ್ತದೆಂಬುದು ಸರ್ವಸಮ್ಮತ. ಹಝ್ರತ್ ಸಅ್‌ದ್ ಬಿನ್ ಉಬಾದ(ರ) ಮೃತ ತಾಯಿಯ ಹೆಸರಲ್ಲಿ ತೋಟವನ್ನೇ ದಾನ ಮಾಡಿದ್ದರು. ಆದರೆ ಅನಾಥರ ಸೊತ್ತಿನ ಪ್ರಶ್ನೆ ಕಾಯುವಂಥದಲ್ಲ. ಮೃತರ ಹಣದಿಂದ ಮೊದಲು ದಫನದ ಖರ್ಚು, ಬಳಿಕ ಸಾಲ, ಆಮೇಲೆ ಮೂರನೆಯ ಒಂದಂಶ ಮೀರದ ವಸಿಯ್ಯತ್, ಉಳಿದುದು ವಾರೀಸುದಾರರಿಗೆ. ಅವರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಅವರ ಪಾಲಿನಿಂದ ಊಟ ಹಾಕಿಸಲು ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಯೊಳಗೆ ಬೆಂಕಿ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆ ಕುರ್‌ಆನಿನಲ್ಲಿದೆ (4:10).

ಎರಡು ದಿನ ಬಿಟ್ಟು ಕಿತಾಬುಗಳಿಲ್ಲದೆ ಹೋದೆ. ಅಣ್ಣನನ್ನು ಜಗಲಿಗೆ ಕರೆದು, ಊಟಕ್ಕೆ ಹಣ ಯಾರದು ಎಂದು ಮಾತ್ರ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನಲ್ವತ್ತನೆಯ ದಿನ ತಮ್ಮ ಮನೆಯಲ್ಲಿ ತಮ್ಮದೇ ಖರ್ಚಿನಿಂದ ಊಟ ಹಾಕಿಸಿದರು. ನಾನು ಹೋಗಲಿಲ್ಲ, ಕಾರಣವನ್ನು ಮೊದಲೇ ಅವರಿಗೆ ತಿಳಿಸಿದ್ದೆ. ತಮ್ಮನೂ ಹೋಗಲಿಲ್ಲ. ಅಂದು ಆತ ಮೃತರ ಹೆಸರಲ್ಲಿದ್ದ ಅಂಗಡಿ ಸಾಲವನ್ನು ತೀರಿಸಿ, ಚೀಟಿಯನ್ನು ಅತ್ತಿಗೆಗೆ ತಂದುಕೊಟ್ಟ.