ಆರ್‌ವಿ ಅಡುಗೆಗೆ ಯಾವ ಯಂತ್ರ ಕೊಳ್ಳಬೇಕು?

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಮಕ್ಕಳಿಗೆ ಬೇಸಿಗೆ ರಜೆ, ಯೆಲ್ಲೋಸ್ಟೋನ್ ನೋಡಬೇಕು. ಆದರೆ ಎರಡನೇ ದಿನಕ್ಕೇ ಎಲ್ಲರಿಗೂ ಸಾರು ಅನ್ನ ಬೇಕಾಗುತ್ತದೆ. ಅಮೆರಿಕದಲ್ಲಿರುವ ನಮ್ಮವರು ಆರ್‌ವಿ ಬಾಡಿಗೆಗೆ ಹಿಡಿಯುವುದಕ್ಕೆ ಅರ್ಧ ಕಾರಣ ಇದೇ. ಹಾಸಿಗೆ, ಬಚ್ಚಲು, ಒಲೆ, ಫ್ರಿಜ್ ಎಲ್ಲವನ್ನೂ ಹೊತ್ತುಕೊಂಡು ಓಡುವ ಗಾಡಿ ಅದು. ಹೊರಡುವ ಹಿಂದಿನ ವಾರ ಆನ್‌ಲೈನ್ ಖರೀದಿ ಶುರುವಾಗುತ್ತದೆ: ಇನ್‌ಸ್ಟಂಟ್ ಪಾಟ್, ಇಂಡಕ್ಷನ್ ಒಲೆ, ಏರ್ ಫ್ರೈಯರ್, ಕೆಟಲ್. ದುಡ್ಡು ಕೊಡುವ ಮೊದಲು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ. ಕರೆಂಟ್ ಇಲ್ಲದ ರಾತ್ರಿಯಲ್ಲಿ ಇದು ನನಗೆ ಏನು ಮಾಡಿಕೊಡುತ್ತದೆ? ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯ ಹಿಂದೆಯೇ ಬರುತ್ತವೆ.

ಹಂತ 1: ಎಲ್ಲೆಲ್ಲಿ ರಾತ್ರಿ ಕಳೆಯುತ್ತೀರಿ, ಬರೆದುಕೊಳ್ಳಿ

ಯಂತ್ರಗಳ ಪಟ್ಟಿಗಿಂತ ಮೊದಲು ರಾತ್ರಿಗಳ ಪಟ್ಟಿ. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ಹುಕಪ್ ಇರುತ್ತದೆ, ಅಂದರೆ ಗಾಡಿಯ ದಪ್ಪ ಕೇಬಲ್ಲನ್ನು ಕಂಬಕ್ಕೆ ಚುಚ್ಚಿದರೆ ಮನೆಯ ಹಾಗೆಯೇ ಕರೆಂಟು. ರಾಷ್ಟ್ರೀಯ ಉದ್ಯಾನಗಳ ಒಳಗೆ ಕಥೆ ಬೇರೆ. ಯೆಲ್ಲೋಸ್ಟೋನ್‌ನ ಒಳಗೆ ಹುಕಪ್ ಇರುವುದು ಫಿಶಿಂಗ್ ಬ್ರಿಡ್ಜ್ ಒಂದರಲ್ಲೇ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನಲ್ಲಿ ಟ್ರೇಲರ್ ವಿಲೇಜಿನಲ್ಲಿ ಉಂಟು, ಪಕ್ಕದ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ ಇಲ್ಲ. ಯೊಸೆಮಿಟಿಯಲ್ಲಂತೂ ಪಾರ್ಕಿನ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಇಲ್ಲ. ನೀವು ಕಾದಿರಿಸಿದ ಪ್ರತಿ ಜಾಗದ ಮುಂದೆ ‘ಕರೆಂಟ್ ಉಂಟು’ ಅಥವಾ ‘ಇಲ್ಲ’ ಎಂದು ಗುರುತು ಹಾಕಿ.

‘ಇಲ್ಲ’ ಎನ್ನುವ ಕಡೆ ಜನರೇಟರ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದನ್ನು ಮನಸ್ಸು ಬಂದಾಗ ಓಡಿಸುವ ಹಾಗಿಲ್ಲ. ಯೊಸೆಮಿಟಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡೆರಡು ಗಂಟೆ ಮಾತ್ರ ಅವಕಾಶ. ಎಷ್ಟೋ ಬಾಡಿಗೆ ಗಾಡಿಗಳಲ್ಲಿ ಜನರೇಟರಿಗೆ ಗಂಟೆಯ ಲೆಕ್ಕದಲ್ಲಿ ಬೇರೆ ದುಡ್ಡು. ಮತ್ತೆ, ಅನ್ನ ಬೇಯುವ ತನಕ ನಿಮ್ಮ ಗುಡುಗುಡು ಕೇಳಿಸಿಕೊಳ್ಳುವ ಪಕ್ಕದ ಟೆಂಟಿನವರ ಮುಖವನ್ನು ಬೆಳಿಗ್ಗೆ ನಲ್ಲಿಯ ಹತ್ತಿರ ನೋಡಬೇಕಾಗುತ್ತದೆ.

ಹೊಸಬರಿಗೆ ಇನ್ನೊಂದು ವಿಷಯ ಗೊತ್ತಿರುವುದಿಲ್ಲ. ಗೋಡೆಯಲ್ಲಿ ಸಾಕೆಟ್ ಕಂಡ ಮಾತ್ರಕ್ಕೆ ಅದರಲ್ಲಿ ಕರೆಂಟ್ ಇರುತ್ತದೆ ಎಂದಲ್ಲ. ಇನ್ವರ್ಟರ್ ಇಲ್ಲದ ಗಾಡಿಯಲ್ಲಿ ಆ ಸಾಕೆಟ್‌ಗಳಿಗೆ ಜೀವ ಬರುವುದು ಹುಕಪ್‌ನಿಂದ ಇಲ್ಲವೇ ಜನರೇಟರ್‌ನಿಂದ ಮಾತ್ರ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಇವು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತವೆ, ಅದಕ್ಕೇ ‘ಕರೆಂಟ್ ಇದೆ’ ಎಂಬ ಭ್ರಮೆ. ಗಾಡಿ ಪಡೆಯುವಾಗಲೇ ಕೇಳಿ: ಇನ್ವರ್ಟರ್ ಇದೆಯೇ, ಇದ್ದರೆ ಎಷ್ಟು ವಾಟಿನದು?

ಹಂತ 2: ಆಂಪ್ ಲೆಕ್ಕ ಕಲಿಯಿರಿ

ಅಮೆರಿಕದ ವಿದ್ಯುತ್ತು 120 ವೋಲ್ಟ್. ಯಂತ್ರದ ತಳದಲ್ಲಿ ಅಚ್ಚಾದ ವಾಟನ್ನು 120ರಿಂದ ಭಾಗಿಸಿದರೆ ಅದು ಎಷ್ಟು ಆಂಪ್ ಎಳೆಯುತ್ತದೆ ಎಂದು ಗೊತ್ತಾಗುತ್ತದೆ. ಇಷ್ಟೇ ಗಣಿತ.

ಚಿಕ್ಕ, ಮಧ್ಯಮ ಗಾತ್ರದ ಗಾಡಿಗಳಿಗೆ ಸಾಮಾನ್ಯವಾಗಿ 30 ಆಂಪಿನ ಸಂಪರ್ಕ, ಅಂದರೆ ಒಟ್ಟು 3,600 ವಾಟ್. ದೊಡ್ಡ ಗಾಡಿಯ 50 ಆಂಪಿನದಕ್ಕೆ ಎರಡು ತಂತಿಗಳಲ್ಲಿ ಕರೆಂಟ್ ಬರುವುದರಿಂದ 12,000 ವಾಟ್ ಸಿಗುತ್ತದೆ. ಸಂಖ್ಯೆ ನೋಡಿ 30ಕ್ಕಿಂತ 50 ಸ್ವಲ್ಪ ಜಾಸ್ತಿ ಎಂದುಕೊಳ್ಳುವವರೇ ಹೆಚ್ಚು. ನಿಜವಾಗಿ ಮೂರು ಪಟ್ಟಿಗೂ ಮಿಗಿಲು.

30 ಆಂಪಿನ ಗಾಡಿಯಲ್ಲಿ ಒಂದು ಸಂಜೆ ಹೇಗೆ ಕಳೆಯುತ್ತದೆ ನೋಡಿ. ಚಾವಣಿಯ ಏಸಿ ಸುಮಾರು 13 ಆಂಪ್. ಮೈಕ್ರೋವೇವ್ ಹಾಕಿದರೆ ಇನ್ನೊಂದು 13. ಸ್ನಾನದ ನೀರಿಗೆ ವಿದ್ಯುತ್ ಹೀಟರ್ ಒತ್ತಿದರೆ 12. ಅಲ್ಲಿಗೇ ಮಿತಿ ದಾಟಿ ಬ್ರೇಕರ್ ಟ್ರಿಪ್ ಆಯಿತು, ಇನ್ನೂ ಅಕ್ಕಿ ತೊಳೆದೇ ಇಲ್ಲ. 1,500 ವಾಟಿನ ಕೆಟಲ್ 12.5 ಆಂಪ್ ಕೇಳುತ್ತದೆ. 6 ಕ್ವಾರ್ಟಿನ ಇನ್‌ಸ್ಟಂಟ್ ಪಾಟ್ 1,000 ವಾಟ್, ಅಂದರೆ 8 ಆಂಪಿನ ಮೇಲೆ ಸ್ವಲ್ಪ. 3 ಕ್ವಾರ್ಟಿನದು 700 ವಾಟ್, 6 ಆಂಪಿನೊಳಗೆ ಮುಗಿಯುತ್ತದೆ. ಗಾಡಿಗೆಂದು ಕೊಳ್ಳುವುದರಲ್ಲಿ 1,000 ವಾಟನ್ನು ನಿಮ್ಮ ಮೇಲ್ಮಿತಿ ಎಂದು ಇಟ್ಟುಕೊಳ್ಳಿ. ಇದು ಯಾವ ನಿಯಮವೂ ಅಲ್ಲ, ಏಸಿ ಆರಿಸದೆ ಅಡುಗೆ ಮಾಡಬೇಕೆನ್ನುವವರಿಗೆ ನನ್ನ ಲೆಕ್ಕ.

ಒಟ್ಟು ಮಿತಿ ದಾಟದಿದ್ದರೂ ಇನ್ನೊಂದು ತೊಡಕು ಇದೆ. ಅಡುಗೆ ಕಟ್ಟೆಯ ಎರಡು ಮೂರು ಸಾಕೆಟ್‌ಗಳು ಎಷ್ಟೋ ಸಲ ಒಂದೇ 15 ಅಥವಾ 20 ಆಂಪಿನ ಬ್ರೇಕರಿಗೆ ಸೇರಿರುತ್ತವೆ. ಬೇರೆ ಬೇರೆ ಸಾಕೆಟ್ಟಿಗೆ ಹಾಕಿದ್ದೇನೆ ಎಂಬ ಧೈರ್ಯದಿಂದ ಕೆಟಲ್ಲನ್ನೂ ಇನ್‌ಸ್ಟಂಟ್ ಪಾಟನ್ನೂ ಜೊತೆಗೆ ಒತ್ತಬೇಡಿ.

ಬ್ಯಾಟರಿಯಿಂದ ಅಡುಗೆ ಮಾಡುವ ಆಸೆಯಿದ್ದರೆ: 12 ವೋಲ್ಟಿನ 100 ಆಂಪ್-ಅವರ್ ಸೀಸದ ಬ್ಯಾಟರಿಯಲ್ಲಿ ಬರೆದಿರುವುದು 1,200 ವಾಟ್-ಅವರ್, ಅದನ್ನು ಕೆಡಿಸದೆ ಬಳಸಬಹುದಾದದ್ದು ಅರ್ಧ. ರಾತ್ರಿಯ ಹೀಟರ್ ಫ್ಯಾನಿಗೂ ಅದರಲ್ಲೇ ಉಳಿಸಬೇಕು. ಲಿಥಿಯಂ ಬ್ಯಾಟರಿ, ಪ್ಯೂರ್ ಸೈನ್ ವೇವ್ ಇನ್ವರ್ಟರ್ ಎರಡೂ ಇರುವ ಸ್ವಂತ ಗಾಡಿಯವರು ಈ ದಾರಿ ಹಿಡಿಯಲಿ. ಬಾಡಿಗೆಯವರು ಮರೆತುಬಿಡಲಿ.

ಹಂತ 3: ಗಾಡಿಯ ಗ್ಯಾಸ್ ಒಲೆಯನ್ನು ಅಳೆಯಿರಿ

ಕರೆಂಟಿನಲ್ಲಿ ಬಡತನ, ಗ್ಯಾಸಿನಲ್ಲಿ ಸಿರಿತನ: ಆರ್‌ವಿ ಇರುವುದೇ ಹೀಗೆ. 20 ಪೌಂಡಿನ ಪ್ರೊಪೇನ್ ಸಿಲಿಂಡರ್ ಒಂದು ಬರ್ನರನ್ನು ಪೂರ್ತಿ ಉರಿಯಲ್ಲಿ ನಲವತ್ತು ಗಂಟೆಗೂ ಹೆಚ್ಚು ಉರಿಸಬಲ್ಲದು. ರಾತ್ರಿ ಗಾಡಿ ಬೆಚ್ಚಗಿಡುವ ಫರ್ನೇಸಿನ ಮುಂದೆ ಅಡುಗೆಯ ಖರ್ಚು ಏನೂ ಅಲ್ಲ. ಆದ್ದರಿಂದ ಒಲೆ ಮಾಡುವ ಕೆಲಸಕ್ಕೆ ಯಂತ್ರ ಕೊಳ್ಳಬೇಡಿ; ಒಲೆಯಿಂದ ಆಗದ ಕೆಲಸಕ್ಕೆ ಮಾತ್ರ ಕೊಳ್ಳಿ.

ತೊಂದರೆ ಇರುವುದು ಜಾಗದ್ದು. ಮೂರು ಬರ್ನರ್ ಇದ್ದರೂ ಅಷ್ಟು ಒತ್ತೊತ್ತಾಗಿರುತ್ತವೆ ಎಂದರೆ ಒಂದು ಅಗಲ ಬಾಣಲೆ ಇಟ್ಟರೆ ಪಕ್ಕದ್ದು ಮುಚ್ಚಿಹೋಗುತ್ತದೆ. ಒಲೆಗೂ ಮೇಲಿನ ಮೈಕ್ರೋವೇವಿಗೂ ನಡುವಿನ ಎತ್ತರವೂ ಕಡಿಮೆ. ಗಾಡಿ ತೋರಿಸುವ ದಿನ ಅಳತೆಪಟ್ಟಿ ಒಯ್ಯಿರಿ. ಬರ್ನರಿನಿಂದ ಬರ್ನರಿಗೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಬರೆದುಕೊಂಡು ಮನೆಯ ಕುಕ್ಕರು, ಕಾವಲಿ ಹೊಂದುತ್ತವೆಯೇ ನೋಡಿ.

ಒಗ್ಗರಣೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಂ ಕೂಗುವುದು ಖಂಡಿತ. ಕಿಟಕಿ ತೆಗೆದು, ಚಾವಣಿಯ ಫ್ಯಾನ್ ಹಾಕಿ, ಆಮೇಲೆ ಸಾಸಿವೆ ಹಾಕಿ. ಒಲೆಯ ಮೇಲಿನ ಫ್ಯಾನು ಹಾಕಿದರೂ ಹೊಗೆ ಹೋಗದಿದ್ದರೆ ಗಾಡಿಯ ಹೊರಮೈಯಲ್ಲಿ ಅದರ ಪುಟ್ಟ ಬಾಗಿಲನ್ನು ನೋಡಿ. ಓಡುವಾಗ ಬಡಿಯದಿರಲೆಂದು ಚಿಲಕ ಹಾಕಿರುತ್ತಾರೆ. ಕಿರುಚುತ್ತದೆ ಎಂದು ಅಲಾರಮ್ಮಿನ ಬ್ಯಾಟರಿ ಕೀಳುವ ಕೆಲಸ ಮಾತ್ರ ಬೇಡ. ಚಳಿಗೆ ಒಲೆ ಹಚ್ಚಿಟ್ಟು ಮಲಗುವುದೂ ಬೇಡ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ.

ಹಂತ 4: ಕುಕ್ಕರ್ ಆರಿಸಿ

ಒಂದೇ ಒಂದು ವಸ್ತು ಒಯ್ಯಿರಿ ಎಂದರೆ ನಾನು ಹೇಳುವುದು ಸೀಟಿ ಹಾಕುವ ನಮ್ಮ ಹಳೇ ಪ್ರೆಶರ್ ಕುಕ್ಕರ್. ಹುಕಪ್ ಇದ್ದರೂ ಇಲ್ಲದಿದ್ದರೂ ಅದು ದುಡಿಯುತ್ತದೆ.

ಬೆಟ್ಟದ ಮೇಲಂತೂ ಕುಕ್ಕರ್ ಬೇಕೇ ಬೇಕು. ಯೆಲ್ಲೋಸ್ಟೋನ್ ಸರೋವರದ ದಂಡೆ ಸಮುದ್ರಮಟ್ಟದಿಂದ 7,700 ಅಡಿಗೂ ಎತ್ತರ. ಅಲ್ಲಿ ನೀರು ಕುದಿಯುವುದು ಸುಮಾರು 92 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೂರು ಸಾವಿರ ಅಡಿ ಎತ್ತರದ ಬೆಂಗಳೂರಲ್ಲಿ 97ರ ಹತ್ತಿರ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ಎಷ್ಟು ಹೊತ್ತು ಕುದಿಸಿದರೂ ನೀರು ಬೇರೆ, ಬೇಳೆ ಬೇರೆ. ಉರಿ ಹೆಚ್ಚಿಸಿದರೆ ನೀರು ಬೇಗ ಆವಿಯಾಗುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ಒತ್ತಡ ಕಟ್ಟಿದರೆ ಮಾತ್ರ ಏರುತ್ತದೆ.

ನಮ್ಮ ಸೀಟಿ ಕುಕ್ಕರ್ ಹೊರಗಿನ ಗಾಳಿಗಿಂತ ಸುಮಾರು 15 ಪಿಎಸ್‌ಐ ಹೆಚ್ಚು ಒತ್ತಡ ಕಟ್ಟುತ್ತದೆ, ಇನ್‌ಸ್ಟಂಟ್ ಪಾಟ್ 10ರಿಂದ 11.6. ಎತ್ತರದಲ್ಲಿ ಈ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ. ಇನ್‌ಸ್ಟಂಟ್ ಪಾಟ್ ಬಳಸುವವರು 2,000 ಅಡಿಯಿಂದ ಮೇಲೆ ಪ್ರತಿ ಸಾವಿರ ಅಡಿಗೆ ಹೊತ್ತನ್ನು ಶೇ. 5ರಷ್ಟು ಏರಿಸಬೇಕು; ಮನೆಯಲ್ಲಿ 20 ನಿಮಿಷ ಇಡುವ ಕಾಳಿಗೆ ಯೆಲ್ಲೋಸ್ಟೋನ್‌ನಲ್ಲಿ 26 ನಿಮಿಷ. ಸೀಟಿ ಕುಕ್ಕರಿನಲ್ಲಾದರೆ ಒಂದೆರಡು ಸೀಟಿ ಜಾಸ್ತಿ.

ಗಾತ್ರಕ್ಕೆ ಬಂದರೆ, ಇಬ್ಬರಿಗೆ 3 ಲೀಟರ್ ಸಾಕು. ನಾಲ್ಕೈದು ಜನರಿದ್ದರೆ 5 ಲೀಟರಿನದು, ಒಳಗೆ ಡಬ್ಬಿ ಜೋಡಿಸುವಂಥದ್ದು. ಕೆಳಗೆ ಬೇಳೆ, ಮೇಲೆ ಅಕ್ಕಿ, ಒಂದೇ ಬರ್ನರ್. ಆ ಹೊತ್ತಿಗೆ ಪಕ್ಕದ ಬರ್ನರಿನಲ್ಲಿ ಪಲ್ಯ. ತಳ ಇಂಡಕ್ಷನ್‌ಗೂ ಹೊಂದುವ ಸ್ಟೀಲಿನದಾದರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಕ್ಯಾಂಪ್‌ಗ್ರೌಂಡುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದು ಮಾಡಬಾರದೆಂಬ ನಿಯಮ ಸಾಮಾನ್ಯ. ನಸುಕಿನಲ್ಲೆದ್ದು ಬಿಸಿಬೇಳೆಬಾತಿಗೆ ಇಡುವ ಅಮ್ಮನಿಗೆ ಇದನ್ನು ಮೊದಲೇ ತಿಳಿಸಿ.

ಹಾಗಾದರೆ ಇನ್‌ಸ್ಟಂಟ್ ಪಾಟ್ ಬೇಡವೇ? ಹಂತ 1ರ ಪಟ್ಟಿಯಲ್ಲಿ ಹೆಚ್ಚಿನ ರಾತ್ರಿಗಳಿಗೆ ಹುಕಪ್ ಇದ್ದರೆ ಒಯ್ಯಿರಿ. ಆವಿ, ಬಿಸಿ ಗಾಡಿಯೊಳಗೆ ತುಂಬದಂತೆ ಹೊರಗಿನ ಸಾಕೆಟ್ಟಿಗೆ ಹಾಕಿ ಪಿಕ್ನಿಕ್ ಮೇಜಿನ ಮೇಲೇ ಬೇಯಿಸಬಹುದು, ಅರಿಝೋನದ ಜುಲೈನಲ್ಲಿ ಅದು ದೊಡ್ಡ ಪುಣ್ಯ. 6 ಕ್ವಾರ್ಟಿನದರಲ್ಲಿ ಇಡ್ಲಿ ಸ್ಟ್ಯಾಂಡೂ ಕೂರುತ್ತದೆ. ಆದರೆ ಗಾಡಿ ಓಡುತ್ತಿರುವಾಗ ಇನ್ವರ್ಟರಿನಲ್ಲಿ ಅನ್ನ ಬೇಯಿಸುವವರ ಜಾಣತನ ನನಗೆ ಒಪ್ಪಿಗೆಯಿಲ್ಲ. ಒತ್ತಡ ತುಂಬಿದ ಪಾತ್ರೆ ತಿರುವಿನಲ್ಲಿ ಉರುಳಬಾರದು.

ಹಂತ 5: ಮಿಕ್ಸಿ ನಿಜಕ್ಕೂ ಬೇಕೇ?

ಊರಿಂದ ತಂದ ಮಿಕ್ಸಿ 230 ವೋಲ್ಟಿನದು. 120ರಲ್ಲಿ ಅದು ಸರಿಯಾಗಿ ತಿರುಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಹೊರುವ ಯೋಚನೆ ಬಿಡಿ, ಮಿಕ್ಸಿಗಿಂತ ಅದೇ ಭಾರ. ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ 110 ವೋಲ್ಟಿನ, ‘ಪ್ರೀತಿ’ ಬ್ರ್ಯಾಂಡಿನಂಥ ಮಿಕ್ಸಿಗಳು ಸಿಗುತ್ತವೆ. ಪ್ರವಾಸಕ್ಕೆ ಅದೂ ದೊಡ್ಡದೇ. ಒಂದೇ ಜಾರಿನ ಪುಟ್ಟ ಬುಲೆಟ್ ಮಿಕ್ಸಿ ಒಂದು ಕಾಯಿ ಚಟ್ನಿಗೆ ಸಾಕು. ಅರೆಯುವುದು ಒಂದೆರಡು ನಿಮಿಷದ ಕೆಲಸವಾದ್ದರಿಂದ ಹುಕಪ್ ಇದ್ದ ದಿನ ಎರಡು ದಿನದ ಚಟ್ನಿ ಮಾಡಿ ಫ್ರಿಜ್ಜಿನಲ್ಲಿಡಿ.

ನನ್ನನ್ನು ಕೇಳಿದರೆ ಅರೆಯುವುದನ್ನೆಲ್ಲ ಮನೆಯಲ್ಲೇ ಮುಗಿಸಿ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಡಬ್ಬಿಯಲ್ಲಿದ್ದರೆ ಮಿಕ್ಸಿಯ ಕೆಲಸ ಮೊಸರನ್ನ ಕಲಸುವ ಚಮಚಕ್ಕೆ ಬಂದು ನಿಲ್ಲುತ್ತದೆ. ಹಿಟ್ಟು ರುಬ್ಬಿಕೊಂಡು ಒಯ್ಯುವವರು ಡಬ್ಬಿಯ ಅರ್ಧ ಮಾತ್ರ ತುಂಬಿ. ಬಿಸಿಲಲ್ಲಿ ಓಡುವ ಗಾಡಿಯೊಳಗೆ ಅದು ಎಷ್ಟು ಉಬ್ಬುತ್ತದೆಂದು ಊಹಿಸಲಾಗದು.

ಹಂತ 6: ಉಳಿದವನ್ನು ಬೇಗ ತೀರ್ಮಾನಿಸಿ

ಕೆಟಲ್: ಬೇಡ. ಒಲೆಯ ಮೇಲೆ ನೀರು ಕಾಯುತ್ತದೆ. ಕಾಫಿ ಯಂತ್ರವೂ ಬೇಡ, ಸ್ಟೀಲ್ ಫಿಲ್ಟರಿಗೆ ಒಂದು ವಾಟೂ ಬೇಕಿಲ್ಲ. ಟೋಸ್ಟರ್: ಕಾವಲಿ ಇದೆ. ಏರ್ ಫ್ರೈಯರ್: 1,500 ವಾಟ್, ಮೇಲಾಗಿ ಅರ್ಧ ಕಪಾಟು ನುಂಗುತ್ತದೆ, ಹಪ್ಪಳಕ್ಕಾದರೆ ಗಾಡಿಯಲ್ಲಿರುವ ಮೈಕ್ರೋವೇವೇ ಸಾಕು.

ಇಂಡಕ್ಷನ್ ಒಲೆಯನ್ನು ಮಾತ್ರ ಸ್ವಲ್ಪ ಯೋಚಿಸಿ ಬಿಡಿ. ಹುಕಪ್ ಇರುವ ಕಡೆ ಹೊರಗಿನ ಮೇಜಿನ ಮೇಲೆ ದೋಸೆ ಹೊಯ್ಯಲು ಅದಕ್ಕೆ ಸಾಟಿಯಿಲ್ಲ, ಎಣ್ಣೆಯ ವಾಸನೆ ಹಾಸಿಗೆಗೆ ಹತ್ತುವುದಿಲ್ಲ. ಪೂರ್ತಿ ಉರಿಯಲ್ಲಿ 1,800 ವಾಟ್ ಎಳೆಯುತ್ತದೆ, ಆದ್ದರಿಂದ ಅರ್ಧದಲ್ಲೇ ಇಟ್ಟು ಬಳಸಿ. ಕಬ್ಬಿಣದ ಕಾವಲಿ ಅದರ ಮೇಲೂ ಕಾಯುತ್ತದೆ, ಗ್ಯಾಸಿನ ಮೇಲೂ ಕಾಯುತ್ತದೆ. ಅಲ್ಯೂಮಿನಿಯಂ ಬಾಣಲೆ ಕಾಯುವುದಿಲ್ಲ.

ಹಂತ 7: ಇಡುವ ಜಾಗ, ತೊಳೆಯುವ ನೀರು, ಕರಡಿ

ಯಾವುದನ್ನೇ ಕೊಂಡರೂ ಅದನ್ನು ಎಲ್ಲಿಡುತ್ತೀರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಭಾರದ್ದು ಕೆಳಗಿನ ಕಪಾಟಿಗೆ, ಸುತ್ತ ಟವೆಲ್ ತುರುಕಿ. ಮೇಲಿನ ಕಪಾಟಿನಲ್ಲಿಟ್ಟ ಕುಕ್ಕರ್ ಬ್ರೇಕ್ ಹಾಕಿದಾಗ ಯಾರ ತಲೆಯ ಮೇಲೆ ಬರುತ್ತದೋ ಹೇಳಲಾಗದು.

ಜಿಡ್ಡಿನ ಪಾತ್ರೆ ತೊಳೆದ ನೀರೆಲ್ಲ ಗಾಡಿಯ ಗ್ರೇ ಟ್ಯಾಂಕಿಗೆ ಹೋಗುತ್ತದೆ, ಅದು ತುಂಬಿದರೆ ಖಾಲಿ ಮಾಡುವ ಜಾಗ ಹುಡುಕಿ ಓಡಬೇಕು. ಹತ್ತು ಬಿಡಿಭಾಗ ಇರುವ ಯಂತ್ರಕ್ಕಿಂತ ಒಂದೇ ಪಾತ್ರೆಯದು ಮೇಲು. ತೊಳೆಯುವ ಮೊದಲು ಕಾಗದದಲ್ಲಿ ಎಣ್ಣೆ ಒರೆಸಿ ಕಸಕ್ಕೆ ಹಾಕಿ.

ಕರಡಿಗಳ ಸೀಮೆಯಲ್ಲಿ ಹೊರಗಿನ ಅಡುಗೆಗೆ ಒಂದು ಷರತ್ತು ಇದೆ. ಫಿಶಿಂಗ್ ಬ್ರಿಡ್ಜಿನಲ್ಲಿ ಬಟ್ಟೆಯ ಟೆಂಟಿಗೆ ಅವಕಾಶವೇ ಇಲ್ಲ, ಗಟ್ಟಿ ಗೋಡೆಯ ಗಾಡಿಗಳು ಮಾತ್ರ, ಕರಡಿಗಳ ಓಡಾಟದ ಕಾರಣಕ್ಕೆ. ಬಳಸಿ ಮುಗಿದ ಕುಕ್ಕರು, ಕಾವಲಿ, ಖಾಲಿಯಾದರೂ ಸರಿ, ಹೊರಗೆ ಬಿಡುವಂತಿಲ್ಲ. ಒಳಗೆ ತಂದಿಡಲು ಜಾಗ ಇಲ್ಲದಷ್ಟು ಸಾಮಾನು ಇದ್ದರೆ ಅಲ್ಲಿಗೆ ಅಡುಗೆ ಹೊರಗೆ ಮಾಡುವ ಸುಖವೂ ಮುಗಿಯಿತು.

ಹಂತ 8: ಮನೆಯ ಮುಂದೆಯೇ ಒಂದು ದಿನ ಅಡುಗೆ ಮಾಡಿ

ಗಾಡಿ ಕೈಗೆ ಬಂದ ಸಂಜೆ ಹೊರಡುವ ಅವಸರ ಬೇಡ. ಮನೆಯ ಮುಂದೆ ನಿಲ್ಲಿಸಿ, 30ರಿಂದ 15 ಆಂಪಿಗೆ ಇಳಿಸುವ ಅಡಾಪ್ಟರ್, ದಪ್ಪ ತಂತಿಯ ಎಕ್ಸ್‌ಟೆನ್ಶನ್ ಹಾಕಿ ಗರಾಜಿನ ಸಾಕೆಟ್ಟಿಗೆ ಜೋಡಿಸಿ. ಈಗ ನಿಮ್ಮ ಕೈಯಲ್ಲಿರುವುದು 1,800 ವಾಟ್, ಏಸಿ ಹಾಕಬೇಡಿ. ಹೀಗೆ ಒಂದು ರಾತ್ರಿಯೂಟ ಮಾಡಿ. ಮರುದಿನ ಕೇಬಲ್ ಕಿತ್ತಿಟ್ಟು, ಬರೀ ಗ್ಯಾಸು ಬ್ಯಾಟರಿಯಲ್ಲಿ ತಿಂಡಿ, ಕಾಫಿ ಮಾಡಿ. ಉಪ್ಪಿಟ್ಟು ಮಾಡುವಾಗ ಸೌಟು ಎಲ್ಲಿಡಬೇಕು ಎಂಬುದರಿಂದ ಹಿಡಿದು ಯಾವ ಸಾಕೆಟ್ ಯಾವ ಬ್ರೇಕರಿನದು ಎಂಬ ತನಕ ಎಲ್ಲ ಬಯಲಾಗುತ್ತದೆ. ಬ್ರೇಕರುಗಳ ಮೇಲೆ ಚೀಟಿ ಅಂಟಿಸಿ, ಎರಡೂ ಊಟಕ್ಕೆ ಕೈಗೆ ಬಾರದ ಯಂತ್ರವನ್ನು ಮನೆಯೊಳಗೆ ಇಟ್ಟು ಬೀಗ ಹಾಕಿ ಹೊರಡಿ.