ಭಾಗಶಃ ಮಂಡಿ ಬದಲಾವಣೆಯ ನಂತರ ಕಾಡುವ ಸ್ನಾಯುರಜ್ಜು ನೋವು

ಮಂಡಿಯ ಸವೆದ ಭಾಗವನ್ನಷ್ಟೇ, ಹೆಚ್ಚಾಗಿ ಒಳಬದಿಯನ್ನು, ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಸುತ್ತಲಿನ ಸ್ನಾಯುರಜ್ಜುಗಳು ಹಾಗೆಯೇ ಉಳಿಯುತ್ತವೆ. ಕೃತಕ ಕೀಲು ಸರಿಯಾಗಿ ಕೂತಿದ್ದರೂ ಕೆಲವರಲ್ಲಿ ಇವುಗಳಿಂದಲೇ ನೋವು ಮುಂದುವರಿಯುತ್ತದೆ.

ನೋವು ಮುಖ್ಯವಾಗಿ ಎರಡು ಕಡೆ ಕಾಣುತ್ತದೆ. ಒಂದು, ಕೀಲಿನಿಂದ ಸುಮಾರು 5 ಸೆಂ.ಮೀ. ಕೆಳಗೆ, ಕಾಲಿನ ಒಳಬದಿಯಲ್ಲಿ. ತೊಡೆಯಿಂದ ಇಳಿದುಬರುವ ಮೂರು ಸ್ನಾಯುರಜ್ಜುಗಳು ಮೂಳೆಗೆ ಅಂಟಿಕೊಳ್ಳುವುದು ಇಲ್ಲೇ. ಮೆಟ್ಟಿಲು ಹತ್ತುವಾಗ, ಕುರ್ಚಿಯಿಂದ ಏಳುವಾಗ ನೋವು ಹೆಚ್ಚುತ್ತದೆ. ಇನ್ನೊಂದು, ಮಂಡಿಚಿಪ್ಪಿನ ಕೆಳಗಿನ ರಜ್ಜು. ತೊಡೆಯ ಸ್ನಾಯು ಸೊರಗಿರುವುದು, ನಡಿಗೆ ಬದಲಾಗಿರುವುದು, ವ್ಯಾಯಾಮವನ್ನು ಒಮ್ಮೆಲೇ ಹೆಚ್ಚಿಸಿರುವುದು, ಇಂಪ್ಲಾಂಟ್‌ನ ಅಂಚು ಮೂಳೆಯಿಂದ ಹೊರಚಾಚಿ ಒತ್ತುವುದು ಇಂತಹ ನೋವಿಗೆ ಕಾರಣವಾಗಬಹುದು.

ಸೋಂಕು, ಇಂಪ್ಲಾಂಟ್ ಸಡಿಲಿಕೆ, ಮೂಳೆಯ ಸಣ್ಣ ಬಿರುಕು ಇಲ್ಲವೆಂಬುದು ಮೊದಲು ಖಚಿತವಾಗಬೇಕು. ಅದಕ್ಕೆ ಎಕ್ಸ್-ರೇ, ರಕ್ತಪರೀಕ್ಷೆ ಬೇಕು. ರಜ್ಜುಗಳ ಸ್ಥಿತಿ ತಿಳಿಯಲು ಅಲ್ಟ್ರಾಸೌಂಡ್ ನೆರವಾಗುತ್ತದೆ.

ಬಹುತೇಕರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗದು. ಕೆಲವು ವಾರ ಮೆಟ್ಟಿಲು, ಕುಕ್ಕರಗಾಲಿನಲ್ಲಿ ಕೂರುವುದನ್ನು ಕಡಿಮೆ ಮಾಡಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ತೊಡೆಯ ಹಿಂಬದಿಯ ಸ್ನಾಯುಗಳನ್ನು ಹಿಗ್ಗಿಸಿ, ಮುಂಬದಿಯವನ್ನು ಬಲಪಡಿಸುವುದು ಮೊದಲ ಚಿಕಿತ್ಸೆ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ನೋವಿನ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ಸ್ಟೀರಾಯ್ಡ್ ಇಂಜೆಕ್ಷನ್ ಕೃತಕ ಕೀಲಿಗೆ ಸೋಂಕು ತರಬಹುದು, ರಜ್ಜುವನ್ನು ದುರ್ಬಲಗೊಳಿಸಬಹುದು. ಅದನ್ನು ಶಸ್ತ್ರಚಿಕಿತ್ಸಕರೇ ನಿರ್ಧರಿಸಬೇಕು.

ಜ್ವರ, ಗಾಯದಿಂದ ಸ್ರಾವ, ಮೀನಖಂಡದ ಊತ ಕಂಡರೆ, ಅಥವಾ ಮಂಡಿಯಲ್ಲಿ ಚಟಕ್ಕೆಂಬ ಸದ್ದಾದ ನಂತರ ಕಾಲನ್ನು ನೇರವಾಗಿ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.